ಒಂದು ದಿನದ ಮಟ್ಟಿಗೆ

ನಲವತ್ತೊಂದು ವರ್ಷ ಗೋಧಿಯ ಜೊತೆ ಸಂಸಾರ ಮಾಡಿದವನು ನಾನು.
ಸಿರಾಕೂಸಾದ ಹಳೇ ಗಲ್ಲಿಯಲ್ಲಿ,
ಸಮುದ್ರಕ್ಕೆ ಬೆನ್ನು ಹಾಕಿದ ಒಲೆಯ ಮುಂದೆ
ಬೆಳಗಿನ ಜಾವ ಮೂರಕ್ಕೆದ್ದು ನಾದಿದ್ದೇನೆ
ಅಂಟು ಬರುವ ತನಕ, ಎಳೆದರೆ ಹರಿಯದೆ
ಆಚೆಯ ಬೆಳಕು ಕಾಣುವಷ್ಟು ಹಿಗ್ಗುವ ತನಕ.
ಆ ಅಂಟೇ ರೊಟ್ಟಿಯ ಜೀವ ಎಂದು
ಎಷ್ಟು ಹುಡುಗರಿಗೆ ಹೇಳಿಕೊಟ್ಟೆನೋ.

ಆ ಅಂಟೇ ಆಗದು ಎಂದರು ಡಾಕ್ಟರು,
ನೋಯೆಮಿಗೆ, ನನ್ನ ಮಗಳ ಮಗಳಿಗೆ,
ಏಳು ತುಂಬಿ ಎರಡು ತಿಂಗಳಿಗೆ.
"ಒಂದು ಚೂರೂ?" ಅಂದೆ.
"ಧೂಳೂ ಆಗದು."

ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುತ್ತಾರಲ್ಲ,
ಬೇರೆ ಯಾರನ್ನೋ ಬೈಯಲು ಇಟ್ಟ ಮಾತು ಅಂದುಕೊಂಡಿದ್ದೆ.
ಅದು ನನ್ನ ಅಂಗಡಿಯ ಬೋರ್ಡು.

ಹುಡುಕಿದಷ್ಟೂ ಹಿಟ್ಟು.
ಮಣೆಯ ಬಿರುಕಲ್ಲಿ, ಲಟ್ಟಣಿಗೆಯ ಹಿಡಿಯಲ್ಲಿ,
ರೇಡಿಯೋದ ಗುಂಡಿಗಳ ಸಂದಿಯಲ್ಲಿ,
ನನ್ನ ಹುಬ್ಬಲ್ಲಿ.
ಮುದ್ದಿಸಲು ಬಗ್ಗಿದರೆ ಮಗಳು ನಡುವೆ ಕೈ ಅಡ್ಡ ಹಿಡಿದಳು.
ತಪ್ಪಲ್ಲ ಅವಳದು.

ಹಾಗಾಗಿ ಡಿಸೆಂಬರ್ ಹನ್ನೆರಡರ ಸಂಜೆ
ಎರಡು ಸಲ ಮಿಂದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು,
ಮದುವಣಿಗನ ಹಾಗೆ ಹೊರಟೆ
ಬಲೆ ಹೆಣೆಯುವ ವೆನೇರಾಳ ಮಗ ಹೊಸದಾಗಿ ಕಟ್ಟಿಸಿದ,
ಇನ್ನೂ ಯಾರೂ ಒಲೆ ಹಚ್ಚದ ಅಡುಗೆಮನೆಗೆ.
ಗೋಡೆಗಳಿಗೆ ಬಣ್ಣದ ವಾಸನೆ.
ನನ್ನ ಹೊಸ ಜರಡಿಗೆ ಬೆಲೆಯ ಚೀಟಿ ಇನ್ನೂ ಅಂಟಿತ್ತು.

ಬಾದಾಮಿ ಹಿಟ್ಟು, ಅಕ್ಕಿ ಹಿಟ್ಟು, ಸಕ್ಕರೆ, ಬೆಣ್ಣೆ,
ಕೆಂಪು ಕಿತ್ತಳೆಯ ಸಿಪ್ಪೆಯ ತುರಿ,
ಬಣ್ಣ ಮಾತ್ರ, ಒಳಗಿನ ಬಿಳಿಯ ಕಹಿ ತಾಗದಂತೆ.
ನಾದಲು ಹೋದೆ. ಉದುರಿತು.
ಒತ್ತಿದೆ. ಬಿರಿಯಿತು.
ಇಷ್ಟು ವರ್ಷದ ಕೈ ಬೆಪ್ಪಾಗಿ ನೋಡಿತು:
ಅಂಟಿಲ್ಲದ್ದು ನಂಟು ಒಪ್ಪೀತೆ?

"ಜೋರು ಮಾಡಬೇಡ ಕೊಂಚೆತ್ತೊ,
ತಣ್ಣಗೆ ಬಿಡು ಸ್ವಲ್ಪ," ಎಂದಳು ವೆನೇರಾ,
ಗಂಟು ಬಿದ್ದ ದಾರಕ್ಕೆ ಹೇಳುವಂತೆ.
ಒಂದು ಮೊಟ್ಟೆ ಒಡೆದು, ಬೆರಳ ತುದಿಯಿಂದಷ್ಟೇ ಕೂಡಿಸಿ,
ಬಟ್ಟೆ ಮುಚ್ಚಿ ಕಿಟಕಿಯ ಚಳಿಗಿಟ್ಟೆವು.

ಅಷ್ಟರಲ್ಲಿ ನಿಂಬೆ.
ಕುದಿನೀರಿನ ಮೇಲೆ ಬೋಗುಣಿ,
ಅದರಲ್ಲಿ ರಸ, ಸಕ್ಕರೆ, ಐದು ಮೊಟ್ಟೆಯ ಹಳದಿ.
ಕೈ ನಿಂತರೆ ಒಡೆಯುತ್ತದೆ, ಉರಿ ಹೆಚ್ಚಿದರೆ ಗಂಟು.
ತಿರುವಿದೆ. ಯಾರ ಮನೆ ಯಾವ ಜರ್ಮನ್‌ನವನಿಗೆ ಮಾರಾಟವಾಯಿತು
ಎಂಬುದೆಲ್ಲ ವೆನೇರಾ ಹೇಳಿ ಮುಗಿಸುವ ತನಕ ತಿರುವಿದೆ.
ಚಮಚದ ಬೆನ್ನಿಗೆ ಹತ್ತಿದ್ದರ ಮೇಲೆ ಬೆರಳೆಳೆದರೆ
ಗೆರೆ ಮುಚ್ಚಿಕೊಳ್ಳದೆ ನಿಂತಾಗ ಬೆಣ್ಣೆ ಬಿಟ್ಟೆ;
ಬೋಗುಣಿ ಪೂರ್ತಿ ಮಿರಮಿರ.

ಉಂಡೆಗೊಂದು ಹೆಬ್ಬೆರಳಿನ ಗುಳಿ,
ಬೆಂದ ಮೇಲೆ ಗುಳಿಗೊಂದು ಚಮಚ ಹುಳಿ.
ಇಪ್ಪತ್ತೆಂಟರಲ್ಲಿ ಇಪ್ಪತ್ತಮೂರು ಉಳಿದವು.
ಮುರಿದವನ್ನು ನಾವಿಬ್ಬರೂ ನಿಂತೇ ತಿಂದೆವು,
ಮಾತಿಲ್ಲದೆ, ಅಂಗೈ ಕೆಳಗೆ ಒಡ್ಡಿಕೊಂಡು.

ಮರುದಿನ ಸಂತ ಲೂಚಿಯಾ.
ಹಿಂದೊಂದು ಕ್ಷಾಮದಲ್ಲಿ ಹಡಗು ತುಂಬ ಗೋಧಿ ಬಂತಂತೆ,
ಹಸಿದವರು ಬೀಸಲೂ ಕಾಯದೆ ಹಾಗೇ ಬೇಯಿಸಿ ಉಂಡರಂತೆ.
ಆ ನೆನಪಿಗೆ ಈ ದಿನ ಹಿಟ್ಟು ಮುಟ್ಟುವ ಹಾಗಿಲ್ಲ:
ರೊಟ್ಟಿ ಇಲ್ಲ, ಪಾಸ್ತಾ ಇಲ್ಲ, ನನ್ನ ಬಾಗಿಲಿಗೆ ಬೀಗ.
ನೋಯೆಮಿ ಬೀಗ ನೋಡಿದಳು, ನನ್ನನ್ನು ನೋಡಿದಳು.
"ಇವತ್ತು ಎಲ್ಲರೂ ನನ್ನ ಹಾಗಾ, ಅಜ್ಜ?"

ಹೂಂ ಅಂದೆ. ಪೂರ್ತಿ ಸುಳ್ಳಲ್ಲ.
ಎದುರು ಮನೆಯಾಕೆ ಬೆಂದ ಗೋಧಿಯ ಬಟ್ಟಲು ಚಾಚಿದಾಗ
ಹುಡುಗಿ ಕೈ ಹಿಂದೆ ಕಟ್ಟಿಕೊಂಡಳು,
ಆಮೇಲೆ ಜೇಬಿನಿಂದ ಬಿಸ್ಕತ್ತೊಂದು ತೆಗೆದು
ಆಕೆಗೇ ಕೊಟ್ಟಳು.
ಹುಳಿಗೆ ಆಕೆಯ ಕಣ್ಣು ಮುಚ್ಚಿಹೋಯಿತು.
ನೋಯೆಮಿ ನಕ್ಕಳು, ಜೇಬೆಲ್ಲ ಪುಡಿ.

ನಾಳೆ ಮೂರಕ್ಕೆ ಮತ್ತೆ ಅದೇ ಹಿಟ್ಟಿಗೆ ಏಳಬೇಕು.
ಈಗ ಅವಳು ನನ್ನ ಹೆಗಲ ಮೇಲಿದ್ದಾಳೆ,
ಬೆಳ್ಳಿಯ ಲೂಚಿಯಾ ಗಲ್ಲಿಗೆ ತಿರುಗುವುದನ್ನು ಕಾಣಲು
ಮುಂದೆ ಬಾಗಿ,
ಬೀಳದಂತೆ ನನ್ನ ಎರಡೂ ಹುಬ್ಬು ಹಿಡಿದುಕೊಂಡು.