ಒಳಗೆ ಬಿಟ್ಟ ಬಟ್ಟೆ

ಮೂರು ಪಾಯಿಂಟ್ ಎರಡು ಸೆಂಟಿಮೀಟರ್, ಎಂದರು ಡಾಕ್ಟರು.
ಇಂಚಿನಲ್ಲಿ ಎಷ್ಟು? ಕೇಳಿದಳು ವಾರಿಜ.
ಅವರು ಪೆನ್ನು ಕೆಳಗಿಟ್ಟರು.
ಒಂದೂಕಾಲು, ಎಂದೆ ನಾನು, ಗೋಡೆ ನೋಡುತ್ತ.
ಓ, ಕೋಟಿನ ಗುಂಡಿಯಷ್ಟು,
ಎಂದು ತಲೆಯಾಡಿಸಿದಳು,
ಆ ತಲೆಯನ್ನೇ.

ಕುಂಬಳೆ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ
ಅರ್ಧ ಮಲಯಾಳ, ಅರ್ಧ ಕನ್ನಡ ಬರೆದ ಬೋರ್ಡಿನ ಕೆಳಗೆ
ಇಪ್ಪತ್ತೆರಡು ವರ್ಷ ಕೂತು
ಊರ ಹೆಂಗಸರ ಅಳತೆಯನ್ನೆಲ್ಲ
ಉದ್ದದ ಪುಸ್ತಕದಲ್ಲಿ ಪೆನ್ಸಿಲ್ಲಿನಿಂದ ಬರೆದಿಟ್ಟವಳು.
ಪೆನ್ನು ಯಾಕಲ್ಲ ಎಂದರೆ, ಬದಲಾಗುತ್ತದಲ್ಲ ಮಾರಾಯ್ತಿ, ಎನ್ನುವಳು.
ಯಾರು ಬಸುರಿ ಎಂದು ಗಂಡನಿಗಿಂತ ಮೊದಲು ಅವಳಿಗೆ ಗೊತ್ತು.
ಯಾರು ಒಳಗೊಳಗೆ ಸೊರಗಿದರು ಎಂಬುದೂ.
ತನ್ನ ಹೆಸರಿನಲ್ಲಿ ಒಂದು ಪುಟವೂ ಇಲ್ಲ.

ನಮ್ಮಿಬ್ಬರದು ಅಷ್ಟಕ್ಕಷ್ಟೆ.
ನನ್ನ ಮದುವೆಯ ರವಿಕೆ, ನಿಂಬೆಹಣ್ಣಿನ ಬಣ್ಣ,
ತೊಟ್ಟು ಕೈ ಎತ್ತಿದರೆ ಉಸಿರು ಕಟ್ಟುತ್ತಿತ್ತು.
ಧಾರೆಯ ಫೋಟೋಗಳಲ್ಲೆಲ್ಲ ನಾನು
ಹೆದರಿದವಳ ಹಾಗೆ ಕಾಣುತ್ತೇನೆ.
ಬೇಕೆಂದೇ ಬಿಗಿ ಮಾಡಿದಳು, ಎಂದು ನಾನು.
ಅಳತೆ ಕೊಟ್ಟ ಮೇಲೆ ಉಂಡದ್ದು ಯಾರು, ಎಂದು ಅವಳು.
ಹನ್ನೊಂದು ವರ್ಷ ಒಂದೇ ಒಲೆಯ ಎದುರು
ಆ ಅರ್ಧ ಇಂಚಿನೊಳಗೇ ಬಾಳಿದೆವು.

ಈಗ ವಾರಕ್ಕೆರಡು ಸಲ ಬೆಳಗ್ಗಿನ ಬಸ್ಸು, ಮಂಗಳೂರಿಗೆ.
ತಲಪಾಡಿಯಲ್ಲಿ ಮೊಬೈಲು ತಾನಾಗಿ ಸ್ವಾಗತ ಹೇಳುತ್ತದೆ.
ಕೌಂಟರಿನ ಹುಡುಗ ಕಾರ್ಡು ತಿರುಗಿಸಿ, ಮತ್ತೆ ತಿರುಗಿಸಿ,
ಕೇರಳದ್ದು ಇಲ್ಲಿ ಆಗುವುದಿಲ್ಲ ಅಕ್ಕ.
ಅವನಿಗೂ ಬೇಸರವಾದದ್ದು ಕಂಡಿತು.
ಹಿಂದಿರುಗಿ ಪಂಚಾಯತಿನಲ್ಲಿ ಮಲಯಾಳದ ಅರ್ಜಿ:
ರೋಗಿಗೂ ನಿಮಗೂ ಏನು ಸಂಬಂಧ?
ಕ್ಲಾರ್ಕು ತಾನೇ ಬರೆದುಕೊಂಡಳು, ನಾತ್ತೂನ್.
ಅವಳು ನನಗೆ ಅದೇ ಅಂತೆ, ನಾನು ಅವಳಿಗೂ ಅದೇ ಅಂತೆ,
ಎರಡಕ್ಕೂ ಒಂದೇ ಮಾತು ಅವರಲ್ಲಿ.
ಇದು ನನಗೆ ಇಷ್ಟು ವರ್ಷ ಗೊತ್ತಿರಲಿಲ್ಲ.

ಆಪರೇಷನ್ ಆದ ಮೇಲೆ ಕೆಲವು ಮಾತು ಹೋದವು.
ಕತ್ತರಿ ಹೋಯಿತು. ನನ್ನ ಗಂಡನ ಹೆಸರು,
ಅವಳ ಒಡಹುಟ್ಟಿದವನದ್ದು, ಮಂಗಳವಾರ ಹೋಗಿ ಶುಕ್ರವಾರ ಬಂತು.
ಎರಡು ಬೆರಳು ಗಾಳಿಯಲ್ಲಿ ಆಡಿಸುತ್ತಾಳೆ,
ನೀವು ಹೇಳಿಕೊಡಬೇಡಿ, ಕಾಯಿರಿ, ಎಂದಿದ್ದಾರೆ.
ಕಾಯುತ್ತೇನೆ.
ಅನ್ನ ಉಕ್ಕಿ ಒಲೆ ಆರುವವರೆಗೂ ಒಮ್ಮೆ ಕಾದೆ.

ಮಾತ್ರೆಗೆ ಮುಖ ಊದಿತು, ತೋಳು ಊದಿತು.
ಯಾವ ರವಿಕೆಯೂ ಮೊಣಕೈ ದಾಟಲಿಲ್ಲ.
ಹೊಸದು ಹೊಲಿಸೋಣ, ಎಂದೆ.
ಯಾರ ಕೈಯಲ್ಲಿ, ಎಂಬಂತೆ ನೋಡಿದಳು, ಸಿಟ್ಟಿನಿಂದ.
ಒಂದನ್ನು ಒಳಮೈ ಹೊರಗೆ ಮಾಡಿ
ನನ್ನ ಹೆಬ್ಬೆರಳನ್ನು ಪಕ್ಕದ ಹೊಲಿಗೆಯ ಮೇಲೆ ಒತ್ತಿದಳು.
ಒಳಗೆ ಮಡಚಿಟ್ಟ ಬಟ್ಟೆ, ಎರಡು ಬೆರಳಗಲ.
ಆ ರಾತ್ರಿ ಬ್ಲೇಡಿನಲ್ಲಿ ನಾನು ಬಿಚ್ಚಿದೆ,
ತಪ್ಪಿದಾಗೆಲ್ಲ ಮಣಿಕಟ್ಟಿಗೆ ಹೊಡೆದಳು, ಎಡಗೈಯಲ್ಲಿ,
ಈಗ ಏಳುವುದು ಅದೊಂದೇ.

ಅವಳು ಮಲಗಿದ ಮೇಲೆ ಪೆಟ್ಟಿಗೆಯ ತಳದಿಂದ
ನಿಂಬೆ ಬಣ್ಣದ್ದನ್ನು ತೆಗೆದೆ.
ಒಳಮೈ ಹೊರಗೆ ಮಾಡಿದೆ.
ಎರಡೂ ಪಕ್ಕ ಇತ್ತು, ಒಂದೊಂದು ಇಂಚು,
ಸಡಿಲ ಹೊಲಿಗೆ, ಒಂದೆಳೆ ಎಳೆದರೆ ಸಾಕೆಂಬ ಹಾಗೆ.
ಹೇಳಬಾರದಿತ್ತೆ? ಎಂದು ಬೆಳಿಗ್ಗೆ ಕೇಳಿದೆ.
ಬಾಯಿ ತೆರೆದಳು. ಕಾದೆ.
ಯಾವ ಮಾತು ಬರಲಿತ್ತೋ ಬರಲಿಲ್ಲ,
ನಗು ಬಂತು, ಒಂದೇ ಕಡೆಯ ತುಟಿಯಲ್ಲಿ.

ಹದಿನಾಲ್ಕಕ್ಕೆ ಮತ್ತೆ ಸ್ಕ್ಯಾನು.
ಬೋಳು ತಲೆಗೆ ಟೊಪ್ಪಿ ಬೇಕು.
ಉದ್ದದ ಪುಸ್ತಕದಲ್ಲಿ ಖಾಲಿ ಪುಟ ಹುಡುಕಿ
ಮೇಲೆ ವಾರಿಜ ಎಂದು ಬರೆದೆ,
ಟೇಪು ಸುತ್ತಿದೆ, ಹೊಲಿಗೆಯ ಗುರುತಿಗೆ ತಾಗದಂತೆ.
ಇಪ್ಪತ್ತೊಂದೂವರೆ, ಎಂದೆ.
ಓರೆ, ಎಂದಳು.
ಸ್ಪಷ್ಟವಾಗಿ.
ಸರಿ ಮಾಡಿ ಮತ್ತೆ ಅಳೆದೆ.