ಹತ್ತೊಂಬತ್ತು ಎಣಿಸುವಷ್ಟರಲ್ಲಿ

ತಿಂಗಳು ತಿಂಗಳೂ ಸೊನ್ನೆ ಬರುತ್ತಿದ್ದ ಕರೆಂಟ್ ಬಿಲ್ಲಿಗೆ
ಈ ಸಲ ಬಾಲ ಬಂದಿತ್ತು: ಹದಿನೆಂಟು ಯೂನಿಟ್ಟು ಹೆಚ್ಚು,
ನೂರ ಐದು ರೂಪಾಯಿ.

ನೂರ ಐದೇನು ದೊಡ್ಡದಲ್ಲ ಬಿಡು, ಅಂದ ಶಿವನಂಜ.
ದೊಡ್ಡದಲ್ಲ, ಸರಿ. ಆದರೆ ಇಪ್ಪತ್ತೊಂದು ವರ್ಷ
ಚೀಲದ ಚಿಲ್ಲರೆ ಟಿಕೆಟ್ಟಿಗೆ ತಾಳೆಯಾಗದೆ
ಡಿಪೋ ಬಿಟ್ಟವಳಲ್ಲ ನಾನು.
ಕಮ್ಮಿ ಬಿದ್ದದ್ದನ್ನು ಕೈಯಿಂದ ಹಾಕಿದ್ದೇನೆ;
ಎಲ್ಲಿ ಬಿತ್ತೆಂದು ತಿಳಿಯದೆ ಮಲಗಿಲ್ಲ.

ಮನೆಗೆ ಶಿಸ್ತು ಬಂತು.
ಗೀಜರಿಗೆ ಹತ್ತೇ ನಿಮಿಷ, ಆಮೇಲೆ ಬಾಗಿಲು ಬಡಿಯುತ್ತೇನೆ.
ಫ್ರಿಜ್ಜನ್ನು ಗೋಡೆಯಿಂದ ಒಂದು ಗೇಣು ಎಳೆದೆ,
ಹಿಂದೆ ಮಗಳ ಓಲೆಯ ತಿರುಪು ಸಿಕ್ಕಿತು, ಮೂರು ವರ್ಷದ ಧೂಳಿನೊಂದಿಗೆ.
ಖಾಕಿ ಅಂಗಿಗೆ ಇಸ್ತ್ರಿ ಇಲ್ಲ. ನೀರು ಚಿಮುಕಿಸಿ, ಮಡಿಸಿ,
ಹಾಸಿಗೆ ಕೆಳಗಿಟ್ಟು ಮೇಲೆ ಮಲಗುತ್ತೇನೆ.
ನನ್ನ ತೂಕಕ್ಕೆ ಗೆರೆ ಚೆನ್ನಾಗಿಯೇ ಕೂರುತ್ತದೆ.
ಆರಿಸಿದ ಟೀವಿಯ ಡಬ್ಬಿ ಮುಟ್ಟಿ ನೋಡಿದೆ,
ಜ್ವರದ ಮಗುವಿನ ಹಣೆಯ ಹಾಗೆ ಬೆಚ್ಚಗಿತ್ತು. ಅದನ್ನೂ ಕಿತ್ತೆ.

ಆದರೂ ಲೆಕ್ಕ ಕೂಡಲಿಲ್ಲ.

ಶನಿವಾರ ರಾತ್ರಿ ಹನ್ನೊಂದಕ್ಕೆ
ಸ್ವಿಚ್ಚುಗಳನ್ನೆಲ್ಲ ಒಂದೊಂದಾಗಿ ಇಳಿಸಿದೆ,
ಲಗ್ಗೆರೆಯ ಕೊನೇ ಸ್ಟಾಪಿನಲ್ಲಿ ಜನ ಇಳಿಸುವ ಹಾಗೆ.
ಫ್ಯಾನು ಗೊಣಗುತ್ತ ನಿಂತಿತು. ಫ್ರಿಜ್ಜು ಒಮ್ಮೆ ನಡುಗಿ ಸುಮ್ಮನಾಯಿತು.
ಇನ್ಯಾರ್ರೀ ಒಳಗೆ, ಅಂತ ಕೂಗಬೇಕೆನಿಸಿತು.
ಮೊಬೈಲ್ ಬೆಳಕು ಹಿಡಿದು ಕೆಳಗೆ ಮೀಟರಿನ ಮುಂದೆ ನಿಂತೆ.

ಅದರ ಕೆಂಪು ಕಣ್ಣು ಮಿಟುಕಿತು.
ಖಾಲಿ ಬಸ್ಸಿನಲ್ಲಿ ಯಾರೋ ಕೂತಿದ್ದರು.
ಹದಿನೇಳು, ಹದಿನೆಂಟು, ಹತ್ತೊಂಬತ್ತು. ಮಿಟುಕು.
ಮತ್ತೆ ಹತ್ತೊಂಬತ್ತು. ಮಿಟುಕು.
ಟಿಕೆಟ್ಟಿಲ್ಲದವರು, ಆದರೆ ಎಷ್ಟು ಕರಾರುವಾಕ್ಕು!

ಮೊಬೈಲ್ ಆರಿಸಿದಾಗ ಕತ್ತಲಾಗಲಿಲ್ಲ.
ಮೆಟ್ಟಿಲ ಕೆಳಗೊಂದು ಬಲ್ಬು, ಹಳೇ ಅರವತ್ತರದು,
ಹೊಟ್ಟೆಯ ತಂತಿ ಕೆಂಡವಾಗಿ.
ಅದರಡಿ ಲಗಮವ್ವ,
ಹೋದ ತಿಂಗಳು ಸಂಪಿನ ಪಕ್ಕದ ಖೋಲಿಗೆ ಬಂದವಳು.
ಮಡಿಲಲ್ಲಿ ಪೀಣ್ಯದ ಯಾವುದೋ ಗಾರ್ಮೆಂಟಿನ ಶರಟು,
ಹಲ್ಲಲ್ಲಿ ದಾರ, ಪಕ್ಕದಲ್ಲಿ ಗುಂಡಿಯ ಡಬ್ಬಿ.
ಶರಟಿಗೆ ಎರಡು ರೂಪಾಯಿ.
"ಖೋಲ್ಯಾಗ ಬೆಳಕಿಲ್ರೀ. ಓನರ್ರು ಇಲ್ಲೇ ಕುಂದ್ರು ಅಂದ್ರು.
ಲೈಟು ಅವರ್ದ ಅಲ್ಲೇನ್ರೀ?"

ನಾಲಿಗೆ ತುದಿಗೆ ಬಂದ ನೂರ ಐದು ರೂಪಾಯಿ
ಅಲ್ಲೇ ಕರಗಿತು. ಕೆಲವರ ಕೈಗೆ ಟಿಕೆಟ್ಟು ಹರಿದುಕೊಟ್ಟು
ಕಾಸಿಗೆ ಕೈ ಚಾಚದೆ ಮುಂದೆ ಹೋದದ್ದುಂಟು;
ಅದು ಯಾವ ಟ್ರಿಪ್ ಶೀಟಿನಲ್ಲೂ ಇಲ್ಲ.

ಓನರ್ ಚಿಕ್ಕಬೋರಯ್ಯನನ್ನು ಮಾತ್ರ ಬಿಡಲಿಲ್ಲ.
"ಹಳೇ ವೈರಿಂಗಮ್ಮಾ" ಅಂದರು, ಮೋಡ ನೋಡುತ್ತ.
ಬಾಡಿಗೆಯಲ್ಲಿ ನೂರ ಐದು ಮುರಿದುಕೊಂಡೆ, ಮೋಡ ನೋಡುತ್ತ.

ಸಂಜೆ ಒಂಬತ್ತು ವ್ಯಾಟಿನ ಎಲ್ಇಡಿ ತಂದು
ಸ್ಟೂಲು ಹತ್ತಿ ನಾನೇ ತಿರುಗಿಸಿದೆ.
"ತಂಪೈತ್ರೀ ಬೆಳಕು, ತಲಿ ಸುಡಂಗಿಲ್ಲ" ಅಂದಳು ಲಗಮವ್ವ,
ಸೂಜಿಯ ಕಣ್ಣಿಗೆ ಮೊದಲ ಸಲಕ್ಕೇ ದಾರ ಹೋಯಿತು.

ಮತ್ತೆ ಮನೆಯನ್ನೆಲ್ಲ ಇಳಿಸಿ ಮೀಟರಿನ ಮುಂದೆ ನಿಂತೆ.
ಹತ್ತೊಂಬತ್ತು ದಾಟಿತು. ಐವತ್ತು. ನೂರು.
ನಾಯಿ ಬೊಗಳಿ ಸುಮ್ಮನಾಯಿತು. ನೂರ ಇಪ್ಪತ್ತೈದು. ಮಿಟುಕು.
ಅಷ್ಟರಲ್ಲಿ ಎರಡು ಗುಂಡಿ ಕೂತಿದ್ದವು.

ಮೇಲಿಂದ ಶಿವನಂಜ:
"ಫ್ರಿಜ್ ಹಾಕ್ಲೇನೇ? ಹಾಲು ಒಡೆಯುತ್ತೆ!"
ತಡಿ, ಅಂದೆ. ಇನ್ನೊಂದು ಮಿಟುಕು.