ಕೊಸರು

ಇಪ್ಪತ್ತೆರಡು ಹಾಸಿಗೆ, ಇಪ್ಪತ್ತೊಂಬತ್ತು ಮಕ್ಕಳು,
ರಾತ್ರಿ ಪಾಳಿಗೆ ನಾನು ಮತ್ತು ಫಿಲೋಮಿನಾ.
ಅವಳಿಗೆ ಸಿರಿಂಜು, ನನಗೆ ಉಸಿರು.
ಹೀಗಂತ ಯಾರೂ ಹಂಚಿಕೊಟ್ಟದ್ದಲ್ಲ, ಆಗಿಬಂದದ್ದು.

ಉಸಿರು ಎಣಿಸುವುದಕ್ಕೆ ಯಂತ್ರ ಬೇಡ.
ಮಗು ಅಳದ ಹೊತ್ತು ನೋಡಿ ಅಂಗಿ ಮೇಲೆತ್ತಬೇಕು,
ಹೊಟ್ಟೆ ಏರಿ ಇಳಿದರೆ ಒಂದು.
ಪೂರಾ ಒಂದು ನಿಮಿಷ.
ಅರ್ಧ ನಿಮಿಷ ಎಣಿಸಿ ಇಮ್ಮಡಿ ಮಾಡುವವರಿದ್ದಾರೆ.
ನಾನೂ ಮಾಡಿದ್ದೇನೆ.
ಮಾಡಿದ ರಾತ್ರಿಗಳ ತಾರೀಖು ನೆನಪಿದೆ.

ಏಳನೆಯ ಹಾಸಿಗೆ. ಮಯೂರ ಹರಿಕಂತ್ರ, ಹತ್ತು ತಿಂಗಳು,
ಬೈತಖೋಲದ ಮಗು, ನ್ಯುಮೋನಿಯಾ.
ಮೂಗಿನ ಹೊಳ್ಳೆ ಅರಳುತ್ತಿತ್ತು
ದಂಡೆಗೆ ಸುರಿದ ಬಂಗಡೆಯ ಕಿವಿರಿನಂತೆ.
ಹೋಲಿಕೆ ನನ್ನದಲ್ಲ, ಅವನ ತಾಯಿಯದು;
ಹೇಳಿದವಳೇ ನಾಲಗೆ ಕಚ್ಚಿಕೊಂಡಳು.
ಪಕ್ಕೆಲುಬಿನ ಕೆಳಗೆ ಪ್ರತಿ ಉಸಿರಿಗೂ ಒಂದು ಗುಳಿ.
ಹೊಕ್ಕುಳ ಆಚೀಚೆ ಬಳೆಚೂರು ಕಾಸಿ ಇಟ್ಟ ಎರಡು ಬರೆ, ಇನ್ನೂ ಹಸಿ.
ಡಾಕ್ಟರು ಬೈದರು. ತಾಯಿ ನೆಲ ನೋಡಿದಳು, ಅಜ್ಜಿ ಬಾಗಿಲು.
ನಾನು ಸುಮ್ಮನೆ ಮುಲಾಮು ಹಚ್ಚಿದೆ.
ಚೆಂಡಿಯಾದಲ್ಲಿ ಹುಟ್ಟಿದ ನನ್ನ ಹೊಟ್ಟೆಯ ಮೇಲೂ
ಅಂಥವೇ ಎರಡಿವೆ. ಯೂನಿಫಾರ್ಮು ಮುಚ್ಚಿಟ್ಟಿದೆ.

ತಾಯಿ ಉಜ್ವಲಾ, ಕಾರವಾರ ಪೇಟೆಯಲ್ಲಿ ಮೀನು ಎಣಿಸುವವಳು.
ಕೈಗೆ ಎರಡೆರಡು, ಬೀಸಿ ಎಸೆದರೆ ಬುಟ್ಟಿಗೆ,
ನೂರು ತುಂಬಿದಾಗ ಮೇಲೆ ನಾಲ್ಕು ಕೊಸರು.
ಒಂದು ದಿನವೂ ಲೆಕ್ಕ ತಪ್ಪಿದ್ದಿಲ್ಲವಂತೆ.
ಅಂಥವಳಿಗೆ ನಾನು ಕಲಿಸಿದ್ದು ಗಡಿಯಾರವೊಂದೇ:
ಕೆಂಪು ಮುಳ್ಳು ಇಲ್ಲಿಂದ ಹೊರಟು ಇಲ್ಲಿಗೇ ಬರಬೇಕು.

"ಸಿಸ್ಟರ್‌ಬಾಯಿ, ಎಪ್ಪತ್ತೆರಡು."
ಐವತ್ತರೊಳಗೆ ಬರಬೇಕು ಎಂದೆ.
"ಹಂಗಾರೆ ಇದು ಉಲ್ಟಾ ಯಾಪಾರ. ಕಡ್ಮೆ ಆದಷ್ಟೂ ಲಾಭ."
ನಕ್ಕಳು. ಆ ರಾತ್ರಿ ವಾರ್ಡಿನಲ್ಲಿ ನಕ್ಕವಳು ಅವಳೊಬ್ಬಳೇ.

ಹನ್ನೊಂದಕ್ಕೆ ಎಪ್ಪತ್ತು. ಹನ್ನೆರಡೂವರೆಗೆ ಅರವತ್ತಾರು.
ಎಂಟನೆಯ ಹಾಸಿಗೆಯ ಹೆಂಗಸು,
ಬೋಟಿನ ಕೆಲಸಕ್ಕೆ ಒಡಿಶಾದಿಂದ ಬಂದವನ ಹೆಂಡತಿ,
ನಮ್ಮ ಮಾತು ಒಂದೂ ಬಾರದವಳು,
ತನ್ನ ಮಗಳ ಅಂಗಿ ಎತ್ತಿ ಉಜ್ವಲಾಳ ಮುಖ ನೋಡಿದಳು.
ಉಜ್ವಲಾ ಅದನ್ನೂ ಎಣಿಸಿದಳು, ಬೆರಳು ಬಿಡಿಸಿ ತೋರಿಸಿದಳು:
ಐದು ಸಲ ಹತ್ತು, ಆಮೇಲೆ ಮೂರು.

ಮೂರು ಗಂಟೆ. ಬಂದರಿನ ಕಡೆ ಹಡಗೊಂದು ಕೂಗಿತು.
ಬರಿಗಾಲಲ್ಲಿ ಓಡಿ ಬಂದಳು.
"ಬಾಯೀ, ಮೂವತ್ತೆಂಟು!
ನೀವು ಹೇಳಿದ್ದಕ್ಕಿಂತ ಹನ್ನೆರಡು ಕೊಸರು!"

ಮೂವತ್ತೆಂಟು.
ಅರವತ್ತಾರರಿಂದ ಇಷ್ಟು ಬೇಗ ಯಾವ ಮಗುವೂ ಇಳಿಯುವುದಿಲ್ಲ,
ಇಳಿದರೆ ಅದು ಇಳಿದದ್ದಲ್ಲ, ಕೈಬಿಟ್ಟದ್ದು.
ಈಜಿ ಈಜಿ ಸೋತವನೂ
ದಡದಲ್ಲಿದ್ದವರಿಗೆ ಶಾಂತವಾಗಿಯೇ ಕಾಣುತ್ತಾನೆ.
ಇದನ್ನು ನಾನು ಅವಳಿಗೆ ಹೇಳಿರಲಿಲ್ಲ.
ಕಡ್ಮೆ ಆದಷ್ಟೂ ಲಾಭ ಅಂದಾಗ ತಿದ್ದಿರಲಿಲ್ಲ.
ಆ ನಗು ನನಗೂ ಬೇಕಿತ್ತು.

ಫಿಲೋಮಿನಾ ಫೋನಿಗೆ ಓಡಿದಳು. ನಾನು ಗಾಳಿಚೀಲ ಹಿಡಿದೆ,
ಮುಖಕ್ಕೆ ಒತ್ತಿ, ಹಿಂಡಿ, ಬಿಟ್ಟು, ಹಿಂಡಿ.
ಕೊಟ್ಟಷ್ಟೇ ಉಸಿರು. ಲೆಕ್ಕವೆಲ್ಲ ನನ್ನ ಕೈಯಲ್ಲಿ,
ಕೈಯೋ ನಡುಗುತ್ತಿತ್ತು, ಒಮ್ಮೆ ಜೋರು, ಒಮ್ಮೆ ತಡ.
ಗೋಡೆಗೆ ಒರಗಿದ್ದ ಉಜ್ವಲಾ
ಯಾರೂ ಹೇಳದೆ ಗಟ್ಟಿಯಾಗಿ ಎಣಿಸತೊಡಗಿದಳು,
ಪೇಟೆಯಲ್ಲಿ ಮೀನು ಎಣಿಸುವ ಅದೇ ರಾಗ.
ನನ್ನ ಕೈ ಆ ರಾಗಕ್ಕೆ ಕೂತಿತು.
ನೂರಾದಾಗ ನಿಲ್ಲಲಿಲ್ಲ ಅವಳು,
ಡಾಕ್ಟರು ಬಂದು ನಳಿಕೆ ಇಳಿಸುವತನಕ.

ಮಗು ಮೇಲಿನ ಮಹಡಿಗೆ ಹೋಯಿತು.
ಅಲ್ಲಿ ಯಂತ್ರ ಎಣಿಸುತ್ತದೆ, ತಾಯಂದಿರಿಗೆ ಪ್ರವೇಶವಿಲ್ಲ.
ಏನಾಗುತ್ತದೆ ಎಂದು ಕೇಳಿದಳು. ಗೊತ್ತಿಲ್ಲ ಎಂದೆ,
ಈ ಸಲ ತಿದ್ದುವಂಥದ್ದೇನೂ ಉಳಿಸದೆ.

ಆರು ಗಂಟೆಗೆ ಪಾಳಿ ಒಪ್ಪಿಸಲು ಬಂದಾಗ
ಎಂಟನೆಯ ಹಾಸಿಗೆಯ ಪಕ್ಕ ನೆಲದ ಮೇಲೆ ಕೂತಿದ್ದಳು,
ಕಣ್ಣು ಗಡಿಯಾರದಲ್ಲಿ, ಅಂಗೈ ಆ ಹುಡುಗಿಯ ಹೊಟ್ಟೆಯ ಮೇಲೆ.
"ನಲವತ್ತೊಂಬತ್ತು," ಅಂದಳು, ನನ್ನ ಕಡೆ ತಿರುಗದೆ.
ಹೆಗಲಿನ ಚೀಲ ಕೆಳಗಿಟ್ಟು
ನಾನೂ ಎಣಿಸಿದೆ,
ಪೂರಾ ಒಂದು ನಿಮಿಷ.